ಹನ್ನೆರಡು ಮೈಲಿಯ ಚಕ್ರ

ಅನಂತರಾಜನಿಗೆ ಕಾರಿನ ಹುಚ್ಚು ಎಲ್ಲಿಂದ ಅಂಟಿತೋ ನನಗಂತೂ ಗೊತ್ತಿಲ್ಲ. ಹಳೇಬೀಡಿಗೆ ಅಂಟಿಕೊಂಡ ಬಸ್ತಿಹಳ್ಳಿಯ ಜೈನರ ಮನೆಯವನು. ಹಳೇಬೀಡಿನಲ್ಲಿ ಬಟ್ಟೆ ಅಂಗಡಿ. ಕೂತಲ್ಲೇ ಕೂತು ಸೀರೆ ಬಿಡಿಸುವುದು, ಮತ್ತೆ ಮಡಿಸುವುದು, ಇಷ್ಟೇ ಕೆಲಸ. ಅಂಥವನು, ಅರೇಹಳ್ಳಿಯ ಕಾಫಿ ತೋಟದವರೊಬ್ಬರು ಶೆಡ್ಡಿನಲ್ಲಿ ಕೊಳೆಯಲು ಬಿಟ್ಟಿದ್ದ ಇಂಗ್ಲೆಂಡಿನ ಹಳೆಯ ಸ್ಪೋರ್ಟ್ಸ್ ಕಾರನ್ನು ತಂದು ಮನೆ ಮುಂದೆ ನಿಲ್ಲಿಸಿದಾಗ ಊರಿಗೆ ಊರೇ ನಕ್ಕಿತು. ಪಕ್ಕದ ಮನೆಯವನಾದ ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಇದ್ದದ್ದು ಎರಡೇ ಸೀಟು. ತಲೆಯ ಮೇಲೆ ಸೂರಿಲ್ಲ. ಹೊಟ್ಟೆ ನೆಲಕ್ಕೆ ತಾಗುವಷ್ಟು ಗಿಡ್ಡ. ಚಕ್ರಗಳಿಗೆ ಸೈಕಲ್ಲಿನ ಹಾಗೆ ಕಡ್ಡಿಗಳು ಬೇರೆ.

“ಮೇಷ್ಟ್ರೇ, ಇದು ಬೇಲೂರಿಗೆ ಎಷ್ಟು ಬೇಗ ಹೋಗುತ್ತೆ ಗೊತ್ತಾ?” ಎಂದ.

“ಬೇಲೂರಲ್ಲಿ ನಿನಗೇನಯ್ಯ ಕೆಲಸ?”

“ಕೆಲಸ ಏನಿಲ್ಲ. ಹೋಗೋದೇ ಕೆಲಸ.”

ಇನ್ನೇನು ಹೇಳುವುದು? ಹುಚ್ಚರಲ್ಲೂ ಒಳ್ಳೆಯ ಹುಚ್ಚರಿರುತ್ತಾರೆ, ಇವನು ಆ ಜಾತಿ. ಅಂಗಡಿಯಲ್ಲಿ ಅವನ ಅಳತೆಕೋಲಿನ ಮೇಲೆ ಊರಿಗೇ ನಂಬಿಕೆಯಿತ್ತು. ಅಳೆದಾದ ಮೇಲೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟೇ ಕತ್ತರಿ ಇಡುವವನು. ಅಳತೆಯಲ್ಲಿ ಮೋಸ ಮಾಡುವುದು ಕಳ್ಳತನಕ್ಕೆ ಸಮ ಎಂದು ಅವರ ಶಾಸ್ತ್ರದಲ್ಲೇ ಇದೆಯಂತೆ. ಅದನ್ನು ಅವನಿಗೆ ಹಾಲಿನ ಜೊತೆ ಕುಡಿಸಿದವರು ತಾಯಿ ಶಾಂತಾದೇವಮ್ಮ.

ಈ ಶಾಂತಾದೇವಮ್ಮನಿಗೆ ಒಬ್ಬಳೇ ತಂಗಿ, ಜಿನಮತಿ. ಅರಸೀಕೆರೆಗೆ ಕೊಟ್ಟಿತ್ತು. ಇಬ್ಬರೂ ವಿಧವೆಯರು. ಒಂದು ಮಳೆಗಾಲ ಬಸದಿಯಲ್ಲಿ ತಂಗಿದ್ದ ಮುನಿಗಳ ಮುಂದೆ ಅಕ್ಕ ತಂಗಿ ಜೊತೆಯಾಗಿ ದಿಗ್ವ್ರತ ಹಿಡಿದರು. ಬದುಕಿರುವ ತನಕ ತಮ್ಮ ಮನೆಯಿಂದ ಯಾವ ದಿಕ್ಕಿಗೂ ಇಂತಿಷ್ಟು ದೂರ ದಾಟುವುದಿಲ್ಲ ಎಂಬ ಕಟ್ಟು ಅದು. ಹಿಡಿದ ಮೇಲೆ ದೂರವನ್ನು ಇಳಿಸಬಹುದು, ಏರಿಸುವಂತಿಲ್ಲ. ಎಷ್ಟು ದೂರ ಎಂಬುದು ಅವರವರಿಗೆ ಬಿಟ್ಟದ್ದು. ಈ ಇಬ್ಬರೂ ಮೊದಲೇ ಲೆಕ್ಕ ಹಾಕಿಕೊಂಡು ಹೋಗಿದ್ದರು. ಹಳೇಬೀಡಿನಿಂದ ಅರಸೀಕೆರೆಗೆ ಇಪ್ಪತ್ನಾಲ್ಕು ಮೈಲಿ ಎಂದು ಬಸ್ಸಿನ ಕಂಡಕ್ಟರುಗಳೆಲ್ಲ ಹೇಳುತ್ತಿದ್ದರು. ಹಾಗಾದರೆ ನನಗೆ ಹನ್ನೆರಡು, ನಿನಗೆ ಹನ್ನೆರಡು. ವ್ರತವೂ ನಡೆಯಿತು, ನಡುದಾರಿಯಲ್ಲಿ ಮುಖ ನೋಡಿದಂತೆಯೂ ಆಯಿತು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ!

ಆ ಹೊತ್ತಿಗೆ ರಸ್ತೆಯ ಕಲ್ಲುಗಳೆಲ್ಲ ಕಿಲೋಮೀಟರಿಗೆ ಬದಲಾಗಿದ್ದವು. ಮೈಲಿ ಉಳಿದುಕೊಂಡಿದ್ದದ್ದು ಇವನ ಕಾರಿನ ಮೀಟರಿನಲ್ಲಿ ಮಾತ್ರ. ಅಕ್ಕ ತಂಗಿ ಇಬ್ಬರೂ ಅದನ್ನೇ ಒಪ್ಪಿಕೊಂಡರು. ಊರು ನಕ್ಕ ಕಾರಿಗೆ ಕೊನೆಗೊಂದು ಕೆಲಸ ಸಿಕ್ಕಿತು.

ಮೊದಲ ಭೇಟಿಯ ದಿನ ಅನಂತರಾಜ ತಾಯಿಯನ್ನು ಕೂರಿಸಿಕೊಂಡು ಜಾವಗಲ್ಲು ದಾಟಿ ಹೋದ. ಮೀಟರು ಹನ್ನೆರಡು ತೋರಿಸಿದ ಕಡೆ ರಸ್ತೆ ಪಕ್ಕ ಒಂದು ಹುಣಸೆಮರ. ಅದರಡಿ ಚಾಪೆ ಹಾಸಿ ತಾಯಿಯನ್ನು ಕೂರಿಸಿ, ಅರಸೀಕೆರೆಗೆ ಹೋಗಿ, ಮೀಟರನ್ನು ಸೊನ್ನೆಗೆ ತಿರುಗಿಸಿ ಚಿಕ್ಕಮ್ಮನನ್ನು ಕರೆತಂದ. ಬಾಣಾವರ ದಾಟಿ ಹನ್ನೆರಡು ಬಂತು. ಹುಣಸೆಮರ ಬರಲಿಲ್ಲ. ಇನ್ನೂ ಮುಕ್ಕಾಲು ಮೈಲಿ ಆಚೆಗಿತ್ತು.

“ನಿಲ್ಸು,” ಎಂದಳು ಜಿನಮತಿ.

“ಚಿಕ್ಕಮ್ಮ, ಇಲ್ಲೇ ಆ ತಿರುವಿನಾಚೆ ಅಮ್ಮ ಕೂತಿದ್ದಾಳೆ.”

“ಕೂತಿರ್ಲಿ. ನನ್ನ ಹನ್ನೆರಡು ಮುಗೀತು.”

ಅವಳು ಅಲ್ಲೇ ಇಳಿದು ಕಲ್ಲಿನ ಮೇಲೆ ಕೂತಳು. ತಾಯಿಯೂ ಮರ ಬಿಟ್ಟು ಕದಲಲಿಲ್ಲ. ಅನಂತರಾಜ ಅಕ್ಕನ ಚಕ್ಕುಲಿಯನ್ನು ತಂಗಿಗೆ, ತಂಗಿಯ ಕೊಬ್ಬರಿ ಮಿಠಾಯಿಯನ್ನು ಅಕ್ಕನಿಗೆ ಸಾಗಿಸಿದ. ಕಂಡಕ್ಟರುಗಳ ವಂಶವನ್ನೆಲ್ಲ ಬೈದುಕೊಂಡ. ಹೊತ್ತು ಮುಳುಗುವುದರೊಳಗೆ ಇಬ್ಬರಿಗೂ ಊಟ ಆಗಬೇಕಲ್ಲ, ಅವರವರ ಮನೆಗೆ ಮುಟ್ಟಿಸಿದ.

ಅವನು ಬಂದು ಇದನ್ನು ಹೇಳುವಾಗ ನಾನು ನಕ್ಕೆ. ಅವನು ನಗಲಿಲ್ಲ.

“ಚಿಕ್ಕಮ್ಮನ ಕಣ್ಣಿನ ನರ ಒಣಗ್ತಿದೆಯಂತೆ ಮೇಷ್ಟ್ರೇ. ಡಾಕ್ಟ್ರು ಕೈ ಬಿಟ್ಟಿದ್ದಾರೆ. ಬರೋ ವರ್ಷದ ಹೊತ್ತಿಗೆ ಪೂರ್ತಿ ಕತ್ತಲೆ. ಅವತ್ತು ಕಲ್ಲಿನ ಮೇಲೆ ಕೂತು ತಿರುವಿನ ಕಡೆಗೇ ನೋಡ್ತಿದ್ದಳು. ಏನು ಕಾಣುತ್ತೆ ಅವಳಿಗೆ?”

ನನ್ನ ನಗು ಅಲ್ಲೇ ನಿಂತಿತು.

ಅಷ್ಟರಲ್ಲಿ ಕಾರಿನ ಚಕ್ರದ ಕಡ್ಡಿಗಳು ಒಂದೊಂದಾಗಿ ಮುರಿಯತೊಡಗಿದವು. ಆ ಅಳತೆಯ ಟೈರು ದೇಶದಲ್ಲೇ ಸಿಗುತ್ತಿರಲಿಲ್ಲ. ಹೊಸ ಚಕ್ರ ಹಾಕಿಸಲೇಬೇಕಾಯಿತು. ಅನಂತರಾಜನಿಗೆ ಇದು ಎಷ್ಟೋ ದಿನದ ಕನಸು. ಯಾವುದೋ ವಿದೇಶಿ ಪತ್ರಿಕೆಯಿಂದ ಕತ್ತರಿಸಿದ ಚಿತ್ರವೊಂದು ಅಂಗಡಿಯ ಗೋಡೆಯ ಮೇಲಿತ್ತು. ಅದರಲ್ಲಿ ಇಂಥದೇ ಕಾರು, ಅದಕ್ಕೆ ಗಿಡ್ಡನೆಯ, ಅಗಲವಾದ, ಬೆಳ್ಳಿಯ ಹಾಗೆ ಹೊಳೆಯುವ ಅಲಾಯ್ ಚಕ್ರ. ಅದನ್ನು ಹಾಕಿದರೆ ತಿರುವಿನಲ್ಲಿ ಕಾರು ನೆಲ ಕಚ್ಚಿಕೊಂಡು ಹೋಗುತ್ತದೆ ಎಂದು ನನಗೆ ನೂರು ಸಲ ಹೇಳಿದ್ದ. ಬೆಂಗಳೂರಿನಲ್ಲಿ ಅಂಥದೇ ಒಂದು ಸೆಟ್ಟು ಇದೆಯೆಂದು ಅರಸೀಕೆರೆಯ ಟೈರ್ ಅಂಗಡಿಯ ಸಿದ್ದಬಸಪ್ಪ ಹೇಳಿ ಕಳಿಸಿದ. ಮಾದರಿಗೆ ಒಂದನ್ನು ತರಿಸಿಯೂ ಇಟ್ಟಿದ್ದ. ನಾವಿಬ್ಬರೂ ಹೋದೆವು.

ಸಿದ್ದಬಸಪ್ಪ ಮೂರು ಚಕ್ರಗಳನ್ನು ಸಾಲಾಗಿ ನಿಲ್ಲಿಸಿದ. ಅಲಾಯ್ ಚಕ್ರ, ಫಿಯೆಟ್ಟಿನದು, ಅಂಬಾಸಿಡರಿನದು. ಅನಂತರಾಜ ಅಲಾಯ್ ಚಕ್ರವನ್ನು ಮಗುವಿನ ಕೆನ್ನೆ ಸವರಿದಂತೆ ಸವರಿದ. ಆಮೇಲೆ ಚೀಲದಿಂದ ತನ್ನ ಬಟ್ಟೆ ಅಂಗಡಿಯ ಅಳತೆಕೋಲು ತೆಗೆದ! ಪ್ರತಿ ಟೈರಿಗೂ ಸೀಮೆಸುಣ್ಣದ ಗುರುತು ಹಾಕಿ, ನೆಲದ ಮೇಲೆ ಒಂದು ಸುತ್ತು ಉರುಳಿಸಿ, ಆ ದೂರವನ್ನು ಅಳೆದ. ಕಾರಿನ ಹಳೆಯ ಚಕ್ರವನ್ನೂ ಹಾಗೇ ಅಳೆದ.

“ಏನ್ ಸ್ವಾಮಿ, ಟೈರಿಗೆ ರವಿಕೆ ಹೊಲಿಸ್ತೀರಾ?” ಎಂದ ಸಿದ್ದಬಸಪ್ಪ.

“ಚಕ್ರ ದೊಡ್ಡದಾದ್ರೆ ಮೈಲಿ ಮೀಟರು ಕಮ್ಮಿ ತೋರಿಸುತ್ತೆ, ಅಲ್ವಾ?”

“ಹೂಂ ಮತ್ತೆ. ಒಂದು ಸುತ್ತಿಗೆ ದಾರಿ ಜಾಸ್ತಿ ಸಾಗ್ತದೆ, ಮೀಟರಿಗೆ ಅದು ಗೊತ್ತಾಗಾಕಿಲ್ಲ. ಟೈರು ಸವೀತಾ ಬಂದಂಗೆ ಸುತ್ತು ಚಿಕ್ಕದಾಯ್ತದೆ, ಆಗ ಮೀಟರು ಜಾಸ್ತಿ ತೋರಿಸ್ತದೆ.”

“ಅಂಬಾಸಿಡರಿಂದೇ ಹಾಕಿ.”

“ಬ್ಯಾಡಿ ಸ್ವಾಮಿ! ಈ ಗಾಡಿಗೆ ಅದು ದಪ್ಪ ಆಯ್ತದೆ. ತಿರುಗಿಸುವಾಗ ಮಡ್‌ಗಾರ್ಡಿಗೆ ಉಜ್ಜತದೆ. ಓಟವೂ ಮಂದ. ನೋಡಾಕೆ ಜಿಂಕೆಗೆ ಎಮ್ಮೆ ಕಾಲು ಕಟ್ಟಿದಂಗೆ ಕಾಣ್ತದೆ.”

“ಕಾಣ್ಲಿ. ಹಾಕಿ.”

ನನಗೆ ಆಗ ಅರ್ಥವಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ವಾಪಸು ಬರುವಾಗ ಪ್ರತಿ ತಿರುವಿನಲ್ಲೂ ಟೈರು ಮಡ್‌ಗಾರ್ಡಿಗೆ ಕರಕರ ಉಜ್ಜುತ್ತಿತ್ತು. ಹುಟ್ಟಿದಾಗಿನಿಂದ ಅಳತೆಯಲ್ಲಿ ಸುಳ್ಳು ಹೇಳದವನು ಅಂದು ಅಳತೆಯನ್ನೇ ಸುಳ್ಳು ಮಾಡಿದ್ದ, ಅದೂ ಹೆತ್ತ ತಾಯಿಗೆ. ಅವನ ಮುಖ ನೋಡಿ ನನಗೆ ಸಂಕಟವಾಯಿತು.

ಎರಡನೆಯ ಭೇಟಿಯದನ್ನು ಅದೇ ದಿನ ಸಂಜೆ ಅವನೇ ನನಗೆ ಹೇಳಿದ್ದು. ಜಾವಗಲ್ಲು ದಾಟಿತು. ದೂರದಲ್ಲಿ ಹುಣಸೆಮರ ಕಂಡಿತು. ಮೀಟರಿನಲ್ಲಿ ಇನ್ನೂ ಹನ್ನೊಂದೂವರೆ. ತಾಯಿ ಮರವನ್ನು ನೋಡಿದಳು. ಮೀಟರನ್ನು ನೋಡಿದಳು. ಅನಂತರಾಜ ಕಾರು ನಿಧಾನ ಮಾಡಲಿಲ್ಲ. ಈಗ ನಿಲ್ಲಿಸು ಎನ್ನುತ್ತಾಳೆ, ಈಗ ಎನ್ನುತ್ತಾಳೆ ಎಂದು ಕಾದ.

“ಏನು ಧೂಳೋ ಮಾರಾಯ,” ಎಂದು ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಮರ ಹಿಂದೆ ಸರಿದು ಎಷ್ಟೋ ಹೊತ್ತಾದ ಮೇಲೆ ತೆಗೆದಳು. ಹಿಂದಿನ ದಿನ ಮಳೆಯಾಗಿತ್ತು. ರಸ್ತೆಯಲ್ಲಿ ಧೂಳೇ ಇರಲಿಲ್ಲ.

ಹನ್ನೆರಡು ಬಂದಲ್ಲಿ ಅವಳನ್ನು ಇಳಿಸಿ ಅರಸೀಕೆರೆಗೆ ಹೋದ. ಚಿಕ್ಕಮ್ಮನ ಹನ್ನೆರಡು ಮುಗಿಯುವುದರೊಳಗೇ ಅಮ್ಮ ಸಿಕ್ಕಳು. ಜಿನಮತಿ ಅಕ್ಕನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡಳು.

“ಕೂದಲು ಪೂರ್ತಿ ಬೆಳ್ಳಗಾಗಿದೆಯಲ್ಲೇ ಅಕ್ಕಾ.”

“ನಿನ್ನದೇನು ಕಪ್ಪಗಿದೆಯಾ?”



ಮರುದಿನ ನಾನು ಅವರ ಮನೆಗೆ ಹೋದಾಗ ಅವನ ಹೆಂಡತಿ ರಾಜಮತಿ ಬಾಗಿಲಲ್ಲೇ ದೂರು ಹೇಳಿದಳು.

“ನೋಡಿ ಮೇಷ್ಟ್ರೇ, ಇವತ್ತು ಅಷ್ಟಮಿನೂ ಅಲ್ಲ, ಚತುರ್ದಶಿನೂ ಅಲ್ಲ. ಅತ್ತೆ ಬೆಳಗ್ಗೆ ಎದ್ದು ‘ನನಗೆ ಉಪವಾಸ’ ಅಂದ್ರು. ಇವರು ಸ್ನಾನ ಮುಗಿಸಿ ಬಂದು ‘ನನಗೂ ಉಪವಾಸ’ ಅಂದ್ರು. ಯಾಕೆ ಅಂತ ಕೇಳಿದ್ರೆ ಇಬ್ರೂ ಬಾಯಿ ಬಿಡಲ್ಲ!”

ಒಳಗೆ ಶಾಂತಾದೇವಮ್ಮ ಜಪಮಾಲೆ ಹಿಡಿದು ಕೂತಿದ್ದರು. ಮಗ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದ. ನನಗೆ ಸಿಟ್ಟೇ ಬಂತು. ತಂಗಿಯ ಮುಖ ನೋಡಿದ್ದಕ್ಕೆ ಹೊಟ್ಟೆಗೆ ಶಿಕ್ಷೆಯೇ?

ಹೊರಡುವ ಹೊತ್ತಿಗೆ ಶಾಂತಾದೇವಮ್ಮ ಬಾಗಿಲಿಗೆ ಬಂದರು. ಅಂಗಳದಲ್ಲಿದ್ದ ಕಾರನ್ನೂ ಅದರ ಎಮ್ಮೆ ಕಾಲುಗಳನ್ನೂ ಸ್ವಲ್ಪ ಹೊತ್ತು ನೋಡುತ್ತಾ ನಿಂತರು.

“ಅನಂತು,” ಎಂದರು. “ಇನ್ನು ಮೇಲೆ ಬೇಲೂರು ಅದೂ ಇದೂ ಅಂತ ಸುಮ್ಮಸುಮ್ಮನೆ ಇದನ್ನ ಓಡಿಸಬೇಡ.”

“ಯಾಕಮ್ಮ?”

“ಚಕ್ರ ಸವೆದೀತು.”

ಅಷ್ಟು ಹೇಳಿ ಒಳಗೆ ಹೋದರು. ಅನಂತರಾಜ ತಲೆ ಎತ್ತಲಿಲ್ಲ. ಆಮೇಲೆ ಆ ಕಾರು ಅರಸೀಕೆರೆ ರಸ್ತೆ ಬಿಟ್ಟು ಬೇರೆಲ್ಲೂ ಓಡಿದ್ದನ್ನು ನಾನು ಕಾಣಲಿಲ್ಲ. ಅವನು ಬೇಲೂರಿಗೆ ಬಸ್ಸಿನಲ್ಲೇ ಹೋಗುತ್ತಿದ್ದ.