ತಲೆ ಕತ್ತರಿಸಿದ ಸಿನಿಮಾ ನಮಗೆ ಬೇಡ

ನಮ್ಮವ್ವ ಒಂದು ಸಿನಿಮಾದಲ್ಲಿದ್ದಾಳೆ. ಈ ಮಾತನ್ನು ಈಗ ನಾನು ಯಾರ ಮುಂದೆ ಬೇಕಾದರೂ ಎದೆ ತಟ್ಟಿಕೊಂಡು ಹೇಳುತ್ತೇನೆ. ಆದರೆ ಈ ಧೈರ್ಯ ಬಂದದ್ದು ತೀರಾ ಇತ್ತೀಚೆಗೆ. ಅದಕ್ಕೆ ಮೊದಲು ನನ್ನ ವಯಸ್ಸಿಗಿಂತ ಹೆಚ್ಚು ಕಾಲ ಇಡೀ ಊರು ಅವಳನ್ನು ಸುಳ್ಳುಗಾತಿ ಎಂದೇ ನಂಬಿತ್ತು. ಮುಚ್ಚಿಟ್ಟುಕೊಳ್ಳುವುದೇಕೆ, ನಾನೂ ನಂಬಿದ್ದೆ. ಹಾಗೆ ನಂಬಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟಿದೆ.

ಅವ್ವನ ತವರು ರಾಮನಗರದ ಬಂಡೆಗಳ ಬುಡದ ಒಂದು ಹಟ್ಟಿ, ಕುರಿ ಸಾಕುವ ಮನೆ. ಅವಳಿಗೆ ಇನ್ನೂ ಮದುವೆಯಾಗದಿದ್ದ ಕಾಲಕ್ಕೆ ಅಲ್ಲಿಗೆ ಶೂಟಿಂಗಿನವರು ಬಂದರು. ನಾಯಕಿ ಎತ್ತಿನ ಗಾಡಿಯಲ್ಲಿ ಕುಳಿತು ಹಾಡುವಾಗ ಬಂಡೆಯ ಮೇಲಿಂದ ಕುರಿ ಹಿಂಡು ಇಳಿದು ಬಂದು ದಾರಿ ತುಂಬಬೇಕಿತ್ತಂತೆ. ಹಿಂಡನ್ನೇನೋ ಗೊತ್ತು ಮಾಡಿದರು, ಆದರೆ ಕುರಿಗಳು ಸಿನಿಮಾದವರ ಮಾತು ಕೇಳಬೇಕಲ್ಲ! ಕ್ಯಾಮೆರಾ ತಿರುಗಲು ಶುರುವಾದರೆ ಅವು ತಲೆ ತಗ್ಗಿಸಿ ಮೇಯುತ್ತಾ ನಿಂತವು. ನಿರ್ದೇಶಕರು ಕೂಗಾಡಿ ಗಂಟಲು ಕಟ್ಟಿಸಿಕೊಂಡ ಮೇಲೆ, ಹಿಂಡಿನ ಒಡತಿಯನ್ನೇ ಬಂಡೆಯ ತುದಿಯಲ್ಲಿ ನಿಲ್ಲಿಸಿದರು. ಅವ್ವ ಹೆಗಲಿಗೆ ಕಂಬಳಿ ಹಾಕಿಕೊಂಡು, ಕೈ ಮೇಲೆತ್ತಿ, ತನ್ನ ಕುರಿಗಳನ್ನು ಒಂದೇ ಒಂದು ಸಲ ಕೂಗಿದಳು. ಅಷ್ಟೂ ಕುರಿಗಳು ದಡದಡನೆ ಇಳಿದವು.

ಮರುವರ್ಷ ಅವ್ವನನ್ನು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಗೆ ಕೊಟ್ಟರು. ಅದೇ ವರ್ಷ ಸೋಲೂರಿನ ಟೆಂಟಿಗೆ ಆ ಚಿತ್ರ ಬಂತು. ಹೊಸ ಸೊಸೆ ಸಿನಿಮಾದಲ್ಲಿದ್ದಾಳೆ ಎಂದು ಅತ್ತೆ, ನಾದಿನಿಯರು, ಅಕ್ಕಪಕ್ಕದ ಬೀದಿಯವರು ಎಲ್ಲ ಬುತ್ತಿ ಕಟ್ಟಿಕೊಂಡು ಹೊರಟರು. ಚಿತ್ರ ಓಡಿತು. ನಾಯಕಿ ಗಾಡಿ ಹತ್ತಿದಳು, ಕಣ್ಣು ಮಿಟುಕಿಸುವುದರೊಳಗೆ ಗಾಡಿ ಇಳಿದೂ ಬಿಟ್ಟಳು. ಹಾಡೂ ಇಲ್ಲ, ಬಂಡೆಯೂ ಇಲ್ಲ, ಕುರಿಯೂ ಇಲ್ಲ. "ಎಲ್ಲಮ್ಮಿ ನಿನ್ ಕುರಿ? ಮೇಯಕ್ಕೆ ಹೋದ್ವಾ?" ಎಂದು ಅತ್ತೆ ಟೆಂಟಿನೊಳಗೇ ಕೇಳಿದಳಂತೆ. ಜನ ಬಿದ್ದೂ ಬಿದ್ದೂ ನಕ್ಕರಂತೆ. ಅಂದಿನಿಂದ ಅವ್ವನ ಹೆಸರೇ ಹೋಗಿ 'ಸಿನಿಮಾದೋಳು' ಆಯಿತು. ನಾನು ಸ್ಕೂಲಿಗೆ ಹೋಗುವಾಗಲೂ ಹುಡುಗರು ನನ್ನ ಹಿಂದೆ ಕುರಿಯಂತೆ ಅರಚುತ್ತಿದ್ದರು. ಮನೆಗೆ ಬಂದು ಅವ್ವನ ಮೇಲೆ ರೇಗುತ್ತಿದ್ದೆ. ಅವಳು ಮಾತ್ರ ಒಂದು ಸಲವೂ ತನ್ನ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ. "ನಾ ನಿಂತಿದ್ದೆ ಕಣ್ಲಾ. ನಿಂತಿದ್ದಕ್ಕೆ ನಿಂತಿದ್ದೆ ಅಂತೀನಿ" ಎನ್ನುತ್ತಿದ್ದಳು.

ನಾನು ದೊಡ್ಡವನಾಗಿ ಬಸ್ ಕಂಡಕ್ಟರ್ ಆದೆ. ಮಾಗಡಿ, ರಾಮನಗರ, ಕನಕಪುರ, ಅಲ್ಲಿಂದ ಒಮ್ಮೊಮ್ಮೆ ದೊಡ್ಡಆಲಹಳ್ಳಿ ಕಡೆಗೆ. ನಿವೃತ್ತಿಯಾದ ಮೇಲೆ ರಾಮನಗರದಲ್ಲೇ ಮನೆ ಮಾಡಿ ಅವ್ವನನ್ನು ಕರೆದುಕೊಂಡು ಬಂದೆ. ಕೈಗೆ ಕೆಲಸವಿಲ್ಲ, ಫೋನಿದೆ. ಹಾಗೆ ಹಳೇ ಸಿನಿಮಾ ಪ್ರೇಮಿಗಳ ಒಂದು ಗುಂಪಿಗೆ ಸೇರಿಕೊಂಡೆ. ಸುತ್ತಮುತ್ತಲ ಊರಿನವರೆಲ್ಲ ಇದ್ದೆವು. ರೇಷ್ಮೆ ನೂಲು ತೆಗೆಯುವವರು, ಗೊಂಬೆ ಮಾಡುವವರು, ಮೇಷ್ಟ್ರುಗಳು, ಒಬ್ಬ ಟೈಲರ್. ತಿಂಗಳಿಗೊಮ್ಮೆ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಟೀ ಕುಡಿಯುತ್ತಾ ಜಗಳವಾಡುತ್ತಿದ್ದೆವು.

ನಮ್ಮ ಆಸೆ ಒಂದೇ. ಅವ್ವನ ಆ ಚಿತ್ರ, ಕಪ್ಪು-ಬಿಳುಪಿನದು, ಒಳ್ಳೆ ಗುಣಮಟ್ಟದ ಡಿಸ್ಕಾಗಿ ಬರಬೇಕು. ಮನೆಯಲ್ಲಿ ಕುಳಿತು ಪೂರ್ತಿ ನೋಡುವ ಹಾಗಿರಬೇಕು. ಈಗ ಸಿಗುವುದು ಯಾರೋ ಟೀವಿಯಿಂದ ಹಿಡಿದಿಟ್ಟ ಕಾಪಿ. ಮೂಲೆಯಲ್ಲಿ ಚಾನೆಲ್ಲಿನ ಮುದ್ರೆ, ಕೆಳಗೆ ಓಡುವ ಜಾಹೀರಾತು, ನಡುವೆ ಮುಖ ಕಂಡರೆ ಮೂಗು ಕಾಣದ ನಾಯಕಿ. "ಗೊಂಬೆಗೆ ಅರಗು ಹಿಡಿಸಿ ತಾಳೆಗರೀಲಿ ಉಜ್ತೀವಿ, ಒಂದ್ ಗೆರೆ ಉಳುದ್ರೆ ವ್ಯಾಪಾರಿ ವಾಪಸ್ ಬಿಸಾಕ್ತಾನೆ. ಇವ್ರು ಇಂಥ ಗಲೀಜು ಕೊಟ್ರೆ ನಾವ್ಯಾಕ್ ಸುಮ್ಕಿರ್ಬೇಕು?" ಎಂದು ಚನ್ನಪಟ್ಟಣದ ಗೊಂಬೆಯವರು ಮೇಜು ಗುದ್ದುತ್ತಿದ್ದರು. ಸರಿಯಾದ ಮಾತು. ಹಳೆಯದನ್ನು ಇಷ್ಟಪಡುವವರಿಗೆ ಹಾಳಾದದ್ದೇ ಸಾಕು ಎಂದು ಯಾರು ತೀರ್ಮಾನಿಸಿದರೋ ನನಗೆ ತಿಳಿಯದು. ಹಕ್ಕು ಇಟ್ಟುಕೊಂಡಿದ್ದ ಬೆಂಗಳೂರಿನ ಕಂಪನಿಗೆ ಕಾಗದದ ಮೇಲೆ ಕಾಗದ ಬರೆದೆವು. ಕೊನೆಗೆ ಪೀಡೆ ತೊಲಗಲಿ ಎಂದೋ ಏನೋ, ಡಿಸ್ಕ್ ತರುತ್ತೇವೆ ಎಂದರು. ಆದರೆ ಅವರ ಬಳಿ ಇದ್ದದ್ದು ಒಂದೇ ಪ್ರಿಂಟು, ಅದರಲ್ಲಿ ಆ ಹಾಡಿಲ್ಲ. ಹಾಡಿನ ಧ್ವನಿ ಹಳೇ ರೆಕಾರ್ಡಿನಲ್ಲಿ ಸಿಗುತ್ತದೆ, ಚಿತ್ರ ಎಲ್ಲೂ ಇಲ್ಲ.

ಈ ಸುದ್ದಿ ಬಂದ ದಿನ, ಗುಂಪಿನಲ್ಲಿದ್ದ ನನ್ನ ಹಳೇ ಗೆಳೆಯ, ರೇಷ್ಮೆ ನೂಲು ತೆಗೆಯುವ ಭಾಯಿ, ನನ್ನನ್ನು ಪಕ್ಕಕ್ಕೆ ಕರೆದ. ರೇಷ್ಮೆಗೂಡಿನ ಮೂಟೆಗಳನ್ನು ನನ್ನ ಬಸ್ಸಿನಲ್ಲಿ ಹಾಕಿಕೊಂಡು ಓಡಾಡುತ್ತಿದ್ದ ಕಾಲದಿಂದ ನಮಗೆ ದೋಸ್ತಿ.

"ಅದು ನಮ್ಮ ಅಬ್ಬಾದೇ ಕೆಲ್ಸ ಕಣ್ಲಾ" ಎಂದ. "ಹಗಲು ನೂಲು ತೆಗ್ಯೋರು, ರಾತ್ರಿ ಸೋಲೂರು ಟೆಂಟಲ್ಲಿ ಅವ್ರೇ ಆಪರೇಟರ್. ಸಿನ್ಮಾ ಉದ್ದ ಆಗೋದ್ರೆ ಕೊನೆ ಬಸ್ ತಪ್ಪೋಯ್ತದೆ ಅಂತ ಜನ ಅರ್ಧಕ್ಕೇ ಎದ್ದೋಗೋರು. ಅದಕ್ಕೆ ಒಂದ್ ಹಾಡು ಕತ್ತರಿಸಿ ಡಬ್ಬಿಗಾಕಿ ಮಡಗೋರು. ಪ್ರಿಂಟ್ ವಾಪಸ್ ಕಳ್ಸೋವಾಗ ಅಂಟಿಸ್ಬೇಕು. ಇದೊಂದ ಮರ್ತ್‌ಬುಟ್ರು. ಕಂಪ್ನೀಲಿ ಉಳ್ದಿರೋದು ಅದೇ ಪ್ರಿಂಟು. ಡಬ್ಬಿ ನಮ್ಮ ಅಟ್ಟದ ಮೇಲೇ ಐತೆ."

ಜೀವಮಾನವಿಡೀ ಬಸ್ಸಿನಲ್ಲಿ ಸೀಟಿ ಊದಿದವನು ನಾನು. ನಮ್ಮವ್ವನ ಮಾನ ಹೋದದ್ದು ಒಂದು ಬಸ್ಸಿನ ಟೈಮಿಗೋಸ್ಕರ!

ಮಾರನೇ ದಿನ ಬೆಳಿಗ್ಗೆ ಅವನು ನೂಲು ತೆಗೆಯುವ ಫಿಲೇಚರಿಗೆ ಹೋದೆ. ತುಕ್ಕು ಹಿಡಿದ ಡಬ್ಬಿಯಲ್ಲಿ ಎರಡು ಸುರುಳಿ. ತೆಗೆದರೆ ಹುಳಿ ಹುಳಿ ವಾಸನೆ. ಎರಡೂ ಬೆಲ್ಲದ ಅಚ್ಚಿನಂತೆ ಅಂಟಿಕೊಂಡು ಗಟ್ಟಿಯಾಗಿದ್ದವು. ಬಿಚ್ಚಲು ಹೋದರೆ ಚೂರಾಗುತ್ತಿತ್ತು. ಆಗ ನಾವು ಮಾಡಿದ ಘನಂದಾರಿ ಕೆಲಸವನ್ನು ನಾನೇ ಹೇಳಿಬಿಡುವುದು ಮೇಲು, ಬೇರೆಯವರು ಹೇಳುವುದಕ್ಕಿಂತ.

"ಗೂಡೂ ಹಿಂಗೇ ಅಂಟ್ಕಂಡಿರ್ತದೆ. ಬಿಸಿನೀರಿಗೆ ಹಾಕುದ್ರೆ ಎಳೆ ತಾನಾಗೇ ಬುಡ್ತದೆ. ಒಸಿ ಬಿಸಿ ಸಾಕು" ಎಂದ ಭಾಯಿ. ಮೂರು ತಲೆಮಾರಿನಿಂದ ಗೂಡು ಬೇಯಿಸಿ ನೂಲು ತೆಗೆದ ಮನೆ ಅದು. ಅವನ ಬೆರಳಿಗಿಂತ ಹೆಚ್ಚು ತಿಳಿದವರು ಯಾರಿದ್ದಾರೆ ಎಂದುಕೊಂಡು ನಾನೂ ತಲೆಯಾಡಿಸಿದೆ. ಮೊದಲ ಸುರುಳಿಯನ್ನು ಗೂಡು ಬೇಯಿಸುವ ಬಾಣಲೆಗೆ ಇಳಿಸಿದ. ಸ್ವಲ್ಪ ಹೊತ್ತಿಗೆ ತುದಿ ಸಡಿಲಾಯಿತು. ಭಾಯಿ ಅಭ್ಯಾಸದ ಕೈಯಲ್ಲಿ ನಯವಾಗಿ ಎಳೆದ, ಸುರುಳಿ ಸರಸರನೆ ಬಿಚ್ಚಿಕೊಂಡಿತು. ನನ್ನ ಮುಖ ನೋಡಿ ನಕ್ಕ. ಆಮೇಲೆ ಅದನ್ನು ಬೆಳಕಿಗೆ ಹಿಡಿದ. ಕನ್ನಡಕದ ಗಾಜಿನಷ್ಟು ಸ್ವಚ್ಛವಾದ ಪಟ್ಟಿ. ಅದರ ಮೇಲೆ ಏನೇನೂ ಇರಲಿಲ್ಲ. ನೀರು ಕಪ್ಪಗಾಗಿತ್ತು. ಹಾಡಿನ ಅರ್ಧ ಆ ನೀರಿನಲ್ಲಿತ್ತು.

ಭಾಯಿ ಬಾಣಲೆಯ ಪಕ್ಕದಲ್ಲೇ ಕುಸಿದು ಕುಳಿತ. "ಅಪ್ಪ ಕತ್ತರಿಸ್ದ, ಮಗ ಬೇಯಿಸ್ದ" ಎಂದ. ಸಮಾಧಾನ ಹೇಳುವ ಯೋಗ್ಯತೆ ನನಗೂ ಇರಲಿಲ್ಲ.

ಉಳಿದ ಒಂದು ಸುರುಳಿಯನ್ನು ಬಟ್ಟೆಯಲ್ಲಿ ಸುತ್ತಿ ಬೆಂಗಳೂರಿಗೆ ಒಯ್ದೆವು. ನಮ್ಮ ಗುಂಪಿನಲ್ಲೇ ಒಬ್ಬಳು ಹೆಣ್ಣುಮಗಳು ಹಳೇ ಫಿಲ್ಮ್ ಸರಿಪಡಿಸುವ ಕೆಲಸದಲ್ಲಿದ್ದಳು. ನಡೆದದ್ದನ್ನು ಕೇಳಿ ಅವಳು ತಲೆಯ ಮೇಲೆ ಕೈ ಇಟ್ಟುಕೊಂಡಳು, ಬೈಯಲಿಲ್ಲ. ತಿಂಗಳುಗಟ್ಟಲೆ ಕುಳಿತು ಒಂದೊಂದೇ ಸುತ್ತು ಬಿಡಿಸಿ, ಒಂದೊಂದೇ ಚೌಕದ ಚಿತ್ರ ತೆಗೆದು, ರೆಕಾರ್ಡಿನ ಹಾಡಿಗೆ ಹೊಂದಿಸಿ ಕೊಟ್ಟಳು.

ಮನೆಯಲ್ಲಿ ಅವ್ವನ ಮುಂದೆ ಲ್ಯಾಪ್‌ಟಾಪ್ ಇಟ್ಟೆ. ಬಂಡೆ ಬಂತು. ಕುರಿಗಳು ಇಳಿದು ಬಂದವು. ಚಿತ್ರದ ಮೇಲಂಚಿನಲ್ಲಿ, ಬಂಡೆಯ ತುತ್ತತುದಿಯಲ್ಲಿ, ಕಂಬಳಿ ಹೊದ್ದ ಒಬ್ಬ ಹುಡುಗಿ ಕೈ ಎತ್ತಿ ನಿಂತಿದ್ದಳು. ಬಾಯಿ ತೆರೆದು ಕೂಗುತ್ತಿದ್ದಳು. ನನ್ನ ಮಗಳ ಮುಖವೇ ಅದು. ನಾನು ಅವ್ವನ ಕಾಲು ಹಿಡಿದುಕೊಂಡು ಅತ್ತೆ. ಅವ್ವ ಅಳಲಿಲ್ಲ. ಕುರಿಗಳನ್ನು ನೋಡುತ್ತಿದ್ದಳು. "ಅದೇ ಕಣ್ಲಾ ನಮ್ ಒಂಟಿ ಕೊಂಬಿನ ಟಗರು" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನಂಗೆ ತೋರ್ಸಿ ಏನ್ ಬಂತು? ನಂಗೆ ಗೊತ್ತಿತ್ತಲ್ಲ. ಊರೋರ್ಗೆ ತೋರ್ಸು" ಎಂದಳು.

ಡಿಸ್ಕ್ ಬಂದರೆ ಊರಿನ ಮನೆಮನೆಗೂ ಕೊಡುತ್ತೇನೆ ಎಂದು ಮಾತು ಕೊಟ್ಟೆ. ಉಳಿದರ್ಧ ಹೇಗೆ ಹಾಳಾಯಿತು ಎಂಬುದನ್ನೂ ಮುಚ್ಚಿಡದೆ ಬರೆದು, ಹಾಡಿನ ಕಾಪಿಯನ್ನು ಕಂಪನಿಗೆ ನೋಡಲು ಕಳಿಸಿದೆವು. ಅವರು ಕುಣಿದಾಡಿಬಿಟ್ಟರು. ಕಳೆದುಹೋದ ಹಾಡಿನ ಸಹಿತ ಬರುತ್ತದೆ ಎಂದು ಪ್ರಚಾರವನ್ನೂ ಶುರು ಮಾಡಿದರು. ಅಷ್ಟರಲ್ಲಿ ಅವ್ವನಿಗೆ ಎರಡು ಸಲ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಸೇರಿಸಿ ಕರೆತಂದದ್ದಾಗಿತ್ತು. ಹುಷಾರಾಗಿ ನೋಡಿಕೊಳ್ಳಿ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ನಾನು ದಿನ ಎಣಿಸುತ್ತಿದ್ದೆ.

ಮಾದರಿ ಡಿಸ್ಕ್ ಬಂತು. ಟೀವಿಗೆ ಹಾಕಿದೆ. ಚಿತ್ರ ಕನ್ನಡಿಯಂತೆ ಫಳಫಳ ಹೊಳೆಯುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಹಳೇ ಚಿತ್ರದ ಚೌಕವನ್ನು ಈಗಿನ ಅಗಲದ ಟೀವಿಗೆ ತುಂಬಿಸಲೆಂದು ಮೇಲೂ ಕೆಳಗೂ ಕತ್ತರಿಸಿದ್ದರು. ಇಡೀ ಚಿತ್ರದ ತುಂಬ ನಾಯಕನಿಗೆ ಹಣೆಯಿಲ್ಲ, ನಾಯಕಿಗೆ ಪಾದವಿಲ್ಲ. ಹಾಡು ಬಂತು. ಕುರಿಗಳೆಲ್ಲ ಕ್ಷೇಮವಾಗಿದ್ದವು, ಒಂಟಿ ಕೊಂಬಿನ ಟಗರು ಕೂಡ. ಬಂಡೆಯ ತುದಿಯಲ್ಲಿ ಒಂದು ಕಂಬಳಿ, ಒಂದು ಸೀರೆ, ಎರಡು ಕಾಲು. ಕುತ್ತಿಗೆಯಿಂದ ಮೇಲೆ ಏನೂ ಇಲ್ಲ. ಕುರಿಗೆ ಸಿಕ್ಕ ಮರ್ಯಾದೆ ನಮ್ಮವ್ವನಿಗೆ ಸಿಗಲಿಲ್ಲ.

ಭಾಯಿಯನ್ನು ಕರೆದುಕೊಂಡು ಕಂಪನಿಯ ಆಫೀಸಿಗೆ ಹೋದೆ. ಅಲ್ಲಿದ್ದ ಮ್ಯಾನೇಜರು ನಯವಾಗಿಯೇ ಮಾತಾಡಿದರು. ಪೂರ್ತಿ ಚೌಕ ಕೊಟ್ಟರೆ ಟೀವಿಯ ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ, ಟೀವಿ ಕೆಟ್ಟಿದೆ ಎಂದು ಜನ ದೂರುತ್ತಾರೆ, ಮೂಲೆಯಲ್ಲಿ ನಿಂತವರನ್ನು ಯಾರು ನೋಡುತ್ತಾರೆ ಎಂದರು. ನಾನು ಪಟ್ಟು ಬಿಡದಿದ್ದಾಗ ಅವರ ನಯ ಮುಗಿಯಿತು.

"ಅಲ್ಲಾ ಸರ್, ಅರ್ಧ ಹಾಡನ್ನ ಬಿಸಿನೀರಲ್ಲಿ ಬೇಯಿಸಿದವರು ನೀವು. ಈಗ ನಮಗೆ ಕ್ವಾಲಿಟಿ ಪಾಠ ಹೇಳ್ತೀರಾ?"

ಭಾಯಿ ತಲೆ ತಗ್ಗಿಸಿದ.

"ಹೌದು ಸ್ವಾಮಿ, ಬೇಯಿಸಿದ್ವಿ" ಎಂದೆ. "ಉಳಿಸೋಕೆ ಹೋಗಿ, ಗೊತ್ತಿಲ್ದೆ ಬೇಯಿಸಿದ್ವಿ. ಆಮೇಲೆ ಊಟ ಸೇರಿಲ್ಲ ನಮಗೆ. ನೀವು ಗೊತ್ತಿದ್ದೂ ಕತ್ತರಿಸ್ತಾ ಇದೀರಿ, ಕತ್ತರಿಸಿ ಹೊಳಪು ಬೇರೆ ಹಚ್ಚಿದೀರಿ."

ಸುರುಳಿ ನಮ್ಮದಾದ್ದರಿಂದ ಹಾಡು ಬಳಸಲು ನಮ್ಮ ಸಹಿ ಬೇಕಿತ್ತು; ಅವರು ಒಂದು ಒಪ್ಪಿಗೆ ಪತ್ರವನ್ನು ನನ್ನ ಮುಂದೆ ತಳ್ಳಿದರು. ಸಹಿ ಹಾಕಿದರೆ ಇದೇ ತಿಂಗಳು ಡಿಸ್ಕ್ ಹೊರಗೆ. ಇಲ್ಲವಾದರೆ ಹಾಡು ಬಿಟ್ಟೇ ತರುತ್ತಾರೆ, ಆ ಮೇಲೆ ಇನ್ನೊಂದು ಸಲ ಯಾರೂ ಈ ಚಿತ್ರವನ್ನು ಮುಟ್ಟುವುದಿಲ್ಲ.

ಪತ್ರ ಹಿಡಿದುಕೊಂಡು ವಾಪಸ್ ಬಂದೆವು. ಗುಂಪಿನಲ್ಲಿ ಬಿರುಕು ಬಿತ್ತು. ಬಂದಷ್ಟು ಬರಲಿ ಎನ್ನುವವರೇ ಹೆಚ್ಚು. ಭಾಯಿ ಕೂಡ ಬಸ್ಸಿನುದ್ದಕ್ಕೂ ಅದನ್ನೇ ಹೇಳಿದ್ದ. "ಹಾಕ್ಬುಡ್ಲಾ ಸೈನು. ಅವ್ವ ಇರೋವಾಗ್ಲೇ ಬರ್ಲಿ. ನಾನು ಆ ಸುರುಳಿ ಬೇಯಿಸಿದ್ದು ಸಾಕು, ಅವ್ವ ಡಿಸ್ಕೂ ನೋಡ್ದಂಗೆ ಹೋದ್ರೆ ನಾನು ತಡ್ಕಳಾಕಿಲ್ಲ." ನಿಜ ಹೇಳುತ್ತೇನೆ, ಮನೆಯ ಮೆಟ್ಟಿಲು ಹತ್ತುವಾಗ ಸಹಿ ಹಾಕಿಬಿಡೋಣ ಎಂದೇ ಇದ್ದೆ.

ಅವ್ವ ಮಂಚದ ಮೇಲೆ ಅವರೆಕಾಯಿ ಬಿಡಿಸುತ್ತಾ ಕುಳಿತಿದ್ದಳು. ಭಾಯಿ ಅವಳ ಪಕ್ಕದಲ್ಲಿ ಕುಳಿತ. ನಾನು ಮಾದರಿ ಡಿಸ್ಕ್ ಹಾಕಿ ತೋರಿಸಿದೆ. ಇದಕ್ಕೆ ಒಪ್ಪಿದರೆ ಇದೇ ತಿಂಗಳು ಊರಿಗೆಲ್ಲ ಹಂಚಬಹುದು, ಒಪ್ಪದಿದ್ದರೆ ಯಾವಾಗ ಬರುತ್ತದೋ, ಬರುತ್ತದೋ ಇಲ್ಲವೋ ಗೊತ್ತಿಲ್ಲ ಎಂದೆ. ನಿನಗೆ ವಯಸ್ಸಾಯಿತು ಎಂಬುದನ್ನು ಹೇಳಲಿಲ್ಲ. ಅವಳೇ ಹೇಳಿದಳು.

"ನಾ ಸತ್ತೋಯ್ತೀನಿ ಅಂತ ತಾನೇ ನಿಮ್ಮಿಬ್ರಿಗೂ ಭಯ? ಸತ್ರೆ ಸಾಯ್ತೀನಿ ಬುಡು. ತಲೆ ಇಲ್ದೋಳ್ನ ತೋರ್ಸಿ ಇವ್ಳೇ ನಮ್ಮವ್ವ ಅಂದ್ರೆ ಊರೋರು ಇನ್ನೊಂದ್ಸಲ ನಗಾಕಿಲ್ವಾ? ಒಂದ್ಸಲ ನಗಿಸ್ಕಂಡಿದ್ದು ಸಾಕು. ನಾನು ಅರ್ಧ ನಿಂತಿರ್ಲಿಲ್ಲ ಕಣ್ಲಾ ಆ ಬಂಡೆ ಮೇಲೆ. ಪೂರ್ತಿ ಬಂದ್ರೆ ಬರ್ಲಿ, ಇಲ್ದಿದ್ರೆ ಕೊಡ್ಬ್ಯಾಡ."

ಭಾಯಿ ಏನೋ ಹೇಳಲು ಬಾಯಿ ತೆರೆದ. ಅವ್ವ ಅವನ ಕೈಗೆ ಒಂದು ಹಿಡಿ ಅವರೆಕಾಯಿ ಕೊಟ್ಟಳು. "ನೀನು ಬಿಡ್ಸು ಇದ. ಬೇಯಿಸಾಕ್ ಹೋಗ್ಬ್ಯಾಡ" ಎಂದಳು. ಅವನು ನಕ್ಕ. ಆ ಬಾಣಲೆಯ ದಿನದಿಂದ ಅವನು ನಕ್ಕದ್ದನ್ನು ನಾನು ನೋಡಿರಲಿಲ್ಲ.

ನಾನು ಪತ್ರ ಬಿಡಿಸಿ ಅದರ ಅಡಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ. ಮೇಲೂ ಕೆಳಗೂ ಕತ್ತರಿಸದ ಪೂರ್ತಿ ಚೌಕ ಬೇಕು, ಕಳೆದುಹೋದ ಭಾಗದಲ್ಲಿ ಕಪ್ಪು ತೆರೆ ಬಿಟ್ಟು ಹಾಡು ಮಾತ್ರ ಕೇಳಿಸಬೇಕು, ಅದು ಹೇಗೆ ಕಳೆದುಹೋಯಿತು ಎಂಬುದನ್ನೂ ಹಾಕಬಹುದು, ನಮ್ಮ ಅಭ್ಯಂತರವಿಲ್ಲ. ಅಲ್ಲಿಯವರೆಗೆ ಒಪ್ಪಿಗೆ ಇಲ್ಲ. ಕೆಳಗೆ ನಾನು ಸಹಿ ಹಾಕಿದೆ, ಭಾಯಿ ಹಾಕಿದ.

"ನಂಗೂ ಕೊಡು" ಎಂದಳು ಅವ್ವ. ಸೊಂಟದ ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ಹಿಡಿದಳು. ಅವಳಿಗೆ ಬರೆಯಲು ಬರುವುದು ಅವಳ ಹೆಸರೊಂದೇ. ಒಂದೊಂದು ಅಕ್ಷರಕ್ಕೂ ಉಸಿರು ಬಿಗಿಹಿಡಿದು, ನಮ್ಮಿಬ್ಬರ ಸಹಿಗಿಂತ ದೊಡ್ಡದಾಗಿ ಬರೆದಳು. ಆ ಚಿತ್ರಕ್ಕೆ ಸಂಬಂಧಪಟ್ಟ ಯಾವ ಕಾಗದದ ಮೇಲೂ ಅಲ್ಲಿಯವರೆಗೆ ಅವ್ವನ ಹೆಸರು ಇರಲಿಲ್ಲ.