ಶಹನಾಯಿಯವರ ದವಡೆ

ಕೊರೋನಾ ಮುಗಿದ ಮರುವರ್ಷ ನಾನು ಹೂವಿನಹಡಗಲಿಯ ಒಂದು ಹಲ್ಲಿನ ದವಾಖಾನೆಯಲ್ಲಿ ಅಸಿಸ್ಟೆಂಟ್ ಆಗಿದ್ದೆ. ಈಗಲೂ ಅಲ್ಲೇ ಇದ್ದೇನೆ. ಓದಿದ್ದು ಒಂಬತ್ತನೆಯವರೆಗೆ. ಹತಾರಗಳನ್ನು ಆಟೋಕ್ಲೇವ್‌ಗೆ ಹಾಕಿ ಬಿಸಿ ಹಬೆಯಲ್ಲಿ ಶುದ್ಧ ಮಾಡುವುದು, ಆಪರೇಷನ್ ನಡೆವಾಗ ರಕ್ತ, ಉಗುಳು ಎಳೆಯುವ ಸಕ್ಷನ್ ಹಿಡಿಯುವುದು, ಮುಗಿದ ಮೇಲೆ ಏನು ಮಾಡಬಾರದು ಎಂದು ಪೇಷಂಟಿಗೆ ಹೇಳುವುದು, ಇಷ್ಟು ನನ್ನ ಕೆಲಸ.

ಮದುವೆ ಸೀಜನ್ ಮುಗಿದ ಮೇಲೆ ಹತ್ತಿರದ ಹಳ್ಳಿ ಮಾಗಳದ ಹನುಮಂತಪ್ಪ ಬಂದರು. ಶಹನಾಯಿ ಊದುವವರು. ಮೇಲಿನ ದವಡೆಯ ಎಡಗಡೆ ಹಿಂದಿನ ಹಲ್ಲುಗಳೆಲ್ಲ ಹೋಗಿದ್ದವು. ಬೇರೊಂದು ದವಾಖಾನೆಯಲ್ಲಿ, ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲಿನ ಪ್ಲೇಟ್ ಮಾಡಿಸಿಕೊಂಡಿದ್ದರು. ಊದಿದಾಗ ಗಲ್ಲದಲ್ಲಿ ಗಾಳಿ ತುಂಬುತ್ತದೆ, ಪ್ಲೇಟ್ ಕಳಚುತ್ತದೆ.

"ಗಟ್ಟಿಮೇಳ ಅಂದ್ರು, ನನ್ನ ಹಲ್ಲು ಕೈಯಾಗ ಬಂತು ನೋಡ್ರಿ. ಬೀಗರು ತಾಳಿ ಬಿಟ್ಟು ನನ್ನ ನೋಡಾಕ ಹತ್ತಿದ್ರು" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಆಮೇಲೆ ಆ ಮದುವೆ ನಡೆದ ಊರಿನವರು ಅವರನ್ನು ಕರೆಯುವುದು ಬಿಟ್ಟಿದ್ದರು. ಬೇರೆ ಕೆಲಸ ಅವರಿಗೆ ಬರುತ್ತಿರಲಿಲ್ಲ.

ಅಲುಗಾಡದ ಹಲ್ಲು ಬೇಕೆಂದರೆ ಇಂಪ್ಲಾಂಟ್. ಅಂದರೆ ಎಲುಬಿಗೆ ಒಂದು ಸ್ಕ್ರೂ ತಿರುಗಿಸಿ ಅದರ ಮೇಲೆ ಹಲ್ಲು ಕೂಡಿಸುವುದು. ಸ್ಕ್ರೂ ನಿಲ್ಲಲು ಎಲುಬು ಬೇಕು. ಹಲ್ಲು ಹೋದ ಜಾಗದಲ್ಲಿ ಎಲುಬು ಸವೆಯುತ್ತದೆ. ಹನುಮಂತಪ್ಪನವರದು ತತ್ತಿಯ ಸಿಪ್ಪೆಯಷ್ಟೇ ಉಳಿದಿತ್ತು. ಅದರ ಮೇಲೆ ಸೈನಸ್ ಎಂಬ ಗಾಳಿಯ ಗೂಡು, ಅದಕ್ಕೊಂದು ತೆಳು ಪರದೆ. ಆ ಪರದೆಯನ್ನು ಹರಿಯದಂತೆ ಎತ್ತಿ, ಕೆಳಗೆ ಎಲುಬಿನ ಪುಡಿ ತುಂಬಿ ಹೊಲಿಗೆ ಹಾಕಬೇಕು. ಇದಕ್ಕೆ ಬೋನ್ ಗ್ರಾಫ್ಟ್ ಎನ್ನುತ್ತಾರೆ. ಪುಡಿ ಗಟ್ಟಿ ಎಲುಬಾಗಲು ತಿಂಗಳುಗಟ್ಟಲೆ ಬೇಕು.

ನಮ್ಮ ಡಾಕ್ಟರ್ ಮೇಡಂ ಆಪರೇಷನ್ ಮಾಡಿದರು. ಸಕ್ಷನ್ ನಾನೇ ಹಿಡಿದಿದ್ದೆ. ಜೋಮು ಇಳಿಯುವ ಮೊದಲೇ ಹೇಳಬೇಕಾದ್ದನ್ನು ಹೇಳಿದೆ. ಮೂಗು ಸೀದಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು, ಬೀಡಿ ಇಲ್ಲ. ಶಹನಾಯಿಯಂತೂ ಮೇಡಂ ಹೇಳುವ ತನಕ ಮುಟ್ಟಬಾರದು. ಅವರು ತಲೆ ಆಡಿಸಿದರು. ಅವರ ಅಣ್ಣ ದುರುಗಪ್ಪ ಹಾಸಿಗೆ ಹಿಡಿದಿದ್ದರು. ಅದನ್ನು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಒಂದು ಮುಂಜಾನೆ ಅವರ ಫೋನು ಬಂತು.

"ತಮ್ಮಾ, ಅಣ್ಣ ಹೋದ. ಒಂದ ಹಾಡು ಊದ್ಲೇನು?"

ದುರುಗಪ್ಪ ಶ್ರುತಿ ಹಿಡಿಯುವವರು. ತಮ್ಮ ಹಾಡು ಊದಿದರೆ ಅಣ್ಣ ಪಕ್ಕದಲ್ಲಿ ಕೂತು ಒಂದೇ ಸ್ವರ ಬಿಡದೆ ಊದಬೇಕು. ಹುಡುಗರಾಗಿದ್ದಾಗಿನಿಂದ ಹಾಗೇ. ಮಾಗಳದಲ್ಲಿ ಯಾರು ಸತ್ತರೂ ಹೆಣದ ಮುಂದೆ ಊದುವುದು ಈ ಅಣ್ಣತಮ್ಮಂದಿರೇ.

ಮೇಡಂ ಇನ್ನೊಬ್ಬರ ಹಲ್ಲು ಕೀಳುತ್ತಿದ್ದರು. ಕೇಳಿದೆ. ತಲೆ ಎತ್ತದೆ ಬೇಡ ಎಂದರು. ನಾನು ಫೋನಿನಲ್ಲಿ ಹೇಳಿದೆ: "ಊದಬ್ಯಾಡ್ರಿ. ಊದಿದ್ರ ಪರದಿ ಹರಿತೈತಿ, ಪುಡಿ ಮೂಗಿನಾಗ ಬರ್ತೈತಿ. ಮತ್ತ ಕೂಡಸಾಕ ಆಗ್ತೈತೋ ಇಲ್ಲೋ, ಗೊತ್ತಿಲ್ರಿ."

"ಆತು" ಎಂದು ಫೋನು ಇಟ್ಟರು.

ಮಧ್ಯಾಹ್ನ ಮೇಡಂ ನನ್ನನ್ನು ಮಾಗಳಕ್ಕೆ ಕಳಿಸಿದರು. ಊದಿಬಿಟ್ಟಿದ್ದರೆ ತಕ್ಷಣ ಕರೆದುಕೊಂಡು ಬರಬೇಕಿತ್ತು. ಊದಿರಲಿಲ್ಲ. ಬೇರೆ ಊರಿನಿಂದ ಒಬ್ಬನನ್ನು ಕರೆಸಿದ್ದರು. ಅವನಿಗೆ ಬರುತ್ತಿದ್ದುದು ಸಿನಿಮಾ ಹಾಡು. ಹನುಮಂತಪ್ಪ ಅವನ ಪಕ್ಕ ನಿಂತು ತಾಳ ಹಾಕುತ್ತಿದ್ದರು. ಗಲ್ಲ ಇನ್ನೂ ಬಾತಿತ್ತು. ಕಣ್ಣಲ್ಲಿ ನೀರಿರಲಿಲ್ಲ.

ಹೆಣ ಎತ್ತುವಾಗ ದುರುಗಪ್ಪನವರ ಹೆಂಡತಿ ಎದ್ದು ಬಂದರು. ದನಿ ಏರಿಸಲಿಲ್ಲ.

"ಊರ ಮಂದಿಗೆಲ್ಲಾ ಊದಿದಿ ಮೈದುನಾ. ನಿನ್ನ ಅಣ್ಣಗ ಊದಾಕ ಹಲ್ಲು ಅಡ್ಡ ಬಂದ್ವಾ?"

ಹನುಮಂತಪ್ಪ ತಾಳ ನಿಲ್ಲಿಸಲಿಲ್ಲ. ನಾನು ಮುಂದೆ ಹೋಗಿ ಹೇಳಿದೆ, ದವಾಖಾನೆಯವನು, ಬೇಡ ಅಂದವನು ನಾನು ಎಂದು. ಆಕೆ ನನ್ನನ್ನು ನೋಡಿದರು.

"ನಿನಗ ಅಣ್ಣ ಅದಾನೇನಪಾ?"

"ಅದಾನ್ರಿ."

"ಅದಾನಲ್ಲ, ಅದಕ್ಕ ಹಂಗಂದಿ."

ನಾನು ಬೈಕ್ ಹತ್ತಿ ವಾಪಸ್ ಬಂದೆ. ಸಂಜೆಯ ಪೇಷಂಟುಗಳಿಗೆ ಟ್ರೇ ಜೋಡಿಸಿದೆ.

ಹೊಲಿಗೆ ಬಿಚ್ಚಿದೆವು. ಗಾಯ ಚೆನ್ನಾಗಿ ಕೂಡಿತ್ತು. ತಿಂಗಳುಗಳು ಕಳೆದ ಮೇಲೆ ಎಕ್ಸ್‌ರೇಯಲ್ಲಿ ಪುಡಿ ಹಾಕಿದ ಜಾಗ ಬೆಳ್ಳಗೆ, ಗಟ್ಟಿಯಾಗಿ ಕಾಣಿಸಿತು. ಎಲುಬು ಚೆನ್ನಾಗಿ ಬಂದಿದೆ ಎಂದರು ಮೇಡಂ. ಹನುಮಂತಪ್ಪ ಹೂಂ ಎಂದರು. ಸ್ಕ್ರೂ ಕೂತಿತು, ಮತ್ತೆ ಕಾದು ಹಲ್ಲೂ ಕೂಡಿಸಿದೆವು. ಊದಲು ಅಡ್ಡಿಯಿಲ್ಲ ಎಂದು ನಾನೇ ಹೇಳಿದೆ.

ಮುಂದಿನ ಸಲ ಚೆಕಪ್‌ಗೆ ಬಂದಾಗ ಊದಿದಿರಾ ಎಂದು ಕೇಳಿದೆ. ಮೊದಲು ಅಣ್ಣನನ್ನು ಮಣ್ಣು ಮಾಡಿದ ಜಾಗಕ್ಕೆ ಹೋಗಿ ಊದಿದ್ದರಂತೆ. ಅಲ್ಲಿಂದ ಬಂದು ಅತ್ತಿಗೆಯ ಮನೆಯ ಕಟ್ಟೆಯ ಮೇಲೆ ಕೂತು, ಅವತ್ತು ಊದಬೇಕಾಗಿದ್ದ ಹಾಡನ್ನು ಪೂರ್ತಿ ಊದಿದ್ದರು.

"ಅತ್ತಿಗಿ ಕದಾ ತಗೀಲಿಲ್ಲ" ಎಂದರು.

ಹಲ್ಲು ಹೇಗಿದೆ ಎಂದೆ.

"ಅಳ್ಳಾಡಲಿಲ್ಲ" ಎಂದು ಬಾಯಿ ತೆರೆದರು.

ಈ ಕೆಲಸ ನನಗೆ ಕಲಿಸಿದ್ದು ಒಂದು ಪ್ರಶ್ನೆ. ಗ್ರಾಫ್ಟ್ ಮಾಡುವ ಮೊದಲು ಶುಗರ್, ಬಿಪಿ, ಬೀಡಿ ಎಲ್ಲ ಕೇಳಿದ ಮೇಲೆ ಇದನ್ನೂ ಕೇಳುತ್ತೇನೆ: "ಮನ್ಯಾಗ ಯಾರರ ಹಾಸಿಗಿ ಹಿಡಿದಾರೇನ್ರಿ?" ಹಲ್ಲಿಗೂ ಅದಕ್ಕೂ ಏನು ಸಂಬಂಧ ಎಂದು ಕೆಲವರು ಸಿಟ್ಟಾಗುತ್ತಾರೆ. ಹೌದು ಎಂದವರ ಆಪರೇಷನ್ ಮುಂದಕ್ಕೆ ಹಾಕಿ ಎಂದು ಮೇಡಂಗೆ ಹೇಳುತ್ತೇನೆ. ಯಾಕೆ ಎಂದು ಅವರು ಕೇಳುವುದಿಲ್ಲ.