ಮೊಮ್ಮಗಳು ತಿಂದ ಹಿಂಡಿ

ಮೊಮ್ಮಗಳ ಕೈ ಮುರಿದವನು ನಾನೇ. ಕೊಟ್ಟಿಗೆಯಲ್ಲಿ ಜಾರಿ ಬಿದ್ದಳೆಂದು ಬಂಗಾರಪೇಟೆಯ ಆಸ್ಪತ್ರೆಯಲ್ಲಿ ನಾನು ಹೇಳಿದ್ದು ಸುಳ್ಳು.

ಮಗ ತೀರಿಕೊಂಡ ಮೇಲೆ ಸೊಸೆ ನಸುಕಿನ ರೈಲು ಹಿಡಿದು ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಮಗುವೂ ಸೀಮೆಹಸುಗಳೂ ನನ್ನ ಪಾಲಿಗೆ. ಕರೆದ ಹಾಲನ್ನೆಲ್ಲ ಡೈರಿಗೆ ಹಾಕುತ್ತಿದ್ದೆ. ನಮ್ಮ ಬೀದಿಯಲ್ಲಿ ಹಾಲು ಕರೆಯುವ ಮನೆಗಳ ಮಕ್ಕಳು ಕುಡಿಯುವುದು ಕರಿ ಟೀ. ಹಸುವಿಗೆ ನೆನೆಸಿದ ಕಡಲೆಕಾಯಿ ಹಿಂಡಿ, ಬೂಸಾ. ಮಗುವಿಗೆ ತಣ್ಣಗಾದ ಮುದ್ದೆ, ನೀರು ಸಾರು. ಅದು ನನಗೆ ತಪ್ಪೆನಿಸಿರಲಿಲ್ಲ.

ನಾಲ್ಕನೇ ಕ್ಲಾಸಿನ ಹುಡುಗಿ ಒಂದನೇ ಕ್ಲಾಸಿನವಳಷ್ಟೇ ಇದ್ದಳು. ಶಾಲೆಯ ಮೇಡಂ ನನ್ನನ್ನು ಕರೆಸಿ, “ತಾತ, ಇವಳಿಗೆ ಅಕ್ಷರ ತಲೆಗೇ ಹೋಗ್ತಿಲ್ಲ. ಕೂತಲ್ಲೇ ತೂಕಡಿಸ್ತಾಳೆ. ಮನೇಲಿ ಏನು ತಿಂತಾಳೆ?” ಎಂದರು. ಎಲ್ಲರೆದುರು ಕೇಳಿಬಿಟ್ಟರಲ್ಲ ಎಂದು ಮನೆಗೆ ಬಂದವನೇ ಅವಳ ಕೆನ್ನೆಗೆ ಬಾರಿಸಿದೆ. “ಓದಕ್ಕಾಗ್ದೆ ನನ್ ಮಾನ ಕಳೀತೀಯೇನ್ಲೇ?” ಅಂದಿನಿಂದ ಪುಸ್ತಕ ಬಿಚ್ಚಿಸುವುದು, ತಡವರಿಸಿದರೆ ಹೊಡೆಯುವುದು ದಿನದ ಕೆಲಸವಾಯಿತು. ತುಟಿ ಒಡೆದು ಪುಟದ ಮೇಲೆ ರಕ್ತ ಬಿದ್ದರೂ ಬಿಡುತ್ತಿರಲಿಲ್ಲ.

ಆಗಲೇ ಡೈರಿಯಲ್ಲಿ ನಮ್ಮ ಹಾಲಿನ ಫ್ಯಾಟ್, ಅಂದರೆ ಜಿಡ್ಡಿನ ಅಂಶ, ಇಳಿಯಿತು. “ಏನಣ್ಣೋ, ಬೋರ್‌ವೆಲ್ಲೂ ಕರೀತಿದ್ದೀಯಾ?” ಎಂದು ಸಾಲಿನಲ್ಲಿದ್ದವರು ನಕ್ಕರು. ಉರಿಯುತ್ತ ಮನೆಗೆ ಬಂದರೆ, ಮಗು ಹಿಂಡಿಯ ಬಕೆಟ್ಟಿಗೆ ಕೈಹಾಕಿ ಗಬಗಬನೆ ತಿನ್ನುತ್ತಿತ್ತು. ಹಸುವಿನ ಹಿಂಡಿ ಕದ್ದು ಫ್ಯಾಟ್ ಇಳಿಸಿದವಳು ಇವಳೇ ಎಂದುಕೊಂಡೆ. ಕರೆಯುವಾಗ ಹಸುವಿನ ಕಾಲಿಗೆ ಕಟ್ಟುವ ಹಗ್ಗದಿಂದ ಬೆನ್ನು, ತೊಡೆ ನೋಡದೆ ಹೊಡೆದೆ. ಓಡಲು ಹೋದವಳ ಕೈ ಹಿಡಿದು ತಿರುಚಿದೆ. ಮೂಳೆ ಮುರಿದ ಸದ್ದಿಗೆ ಹಸು ಮೇವು ಬಿಟ್ಟು ತಲೆಯೆತ್ತಿತು.

ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿ ಮನೆಗೆ ಕರೆತಂದೆ. ಸಂಜೆ ಬಂದ ಸೊಸೆ ಮಗುವಿನ ಬಾಯಿಂದ ನಿಜ ತಿಳಿದು, ಖಾಲಿ ಹಾಲಿನ ಕ್ಯಾನ್ ಎತ್ತಿ ನನ್ನ ಬಾಯಿಗೇ ಬೀಸಿದಳು. ನೆಲಕ್ಕೆ ಬಿದ್ದು ರಕ್ತ ಉಗುಳಿದೆ. “ಅಸೂಗೆ ಇಕ್ಕಿದ್ದನ್ನ ನನ್ ಮಗು ತಿನ್ನೋ ಅಂಗೆ ಮಾಡ್ದೆಯಲ್ಲ ಮಾವ! ಒಟ್ಟೆಗಿಲ್ದೆ ಅದೇನ್ ಓದ್ತದೆ?” ಎಂದು ಚೀರಿದಳು. ಅಂದೇ ಮಗುವನ್ನು ಎತ್ತಿಕೊಂಡು ಆಂಡರ್ಸನ್‌ಪೇಟೆಯ ತವರಿಗೆ ಹೋದಳು. ಅಲ್ಲೇ ಶಾಲೆಗೂ ಸೇರಿಸಿದಳು.

ಮೊನ್ನೆ ಹಾಲಿನ ತಂಬಿಗೆ ಹಿಡಿದು ಆ ಶಾಲೆಯ ಗೇಟಿನ ಬಳಿ ನಿಂತಿದ್ದೆ. ಬೆಲ್ ಹೊಡೆಯಿತು. ನನ್ನನ್ನು ಕಂಡ ಮಗು ಓಡಲಿಲ್ಲ. ಅಲ್ಲೇ ಮಣ್ಣಿನಲ್ಲಿ ಕುಳಿತು, ಒಂದೇ ಕೈಯಲ್ಲಿ ಬ್ಯಾಗು ಬಿಚ್ಚಿ, ಪುಸ್ತಕ ತೆಗೆಯಿತು.

“ಒಡೀಬ್ಯಾಡ ತಾತ, ಓದ್ತೀನಿ.”

ಪಟ್ಟಿ ಕಟ್ಟಿದ ಕೈಯನ್ನು ಕೆನ್ನೆಗೆ ಅಡ್ಡ ಹಿಡಿದು, ತಡವರಿಸುತ್ತ ಓದತೊಡಗಿತು. ಹಾಲಿನ ತಂಬಿಗೆಯನ್ನು ಅದರ ಮುಂದಿಟ್ಟೆ; ಅದು ಓದು ನಿಲ್ಲಿಸಲಿಲ್ಲ.